ಟೇಪಕ್ಕನ ಮಾರ್ಜಿನ್

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ತಲೆ ಕೆರೆದುಕೊಳ್ಳುತ್ತ ಕೂತು ಇಂದಿಗೆ ಹನ್ನೊಂದು ದಿನ. ಮೊದಲ ಸಲ ಸ್ನಾನದ ಮನೆಯಿಂದ ಶುರು ಮಾಡಿದೆ. ಕನ್ನಡಿ, ಕನ್ನಡಿಯ ಮೇಲೆ ಹಬೆ, ಹಬೆ ಒರೆಸುವ ಒಂದು ಕೈ, ಆ ಕೈ ಎದೆಯ ಹತ್ತಿರ ಥಟ್ಟನೆ ನಿಲ್ಲುವುದು. ಓದಿ ನೋಡಿದೆ. ಸ್ತನ ಕ್ಯಾನ್ಸರಿನ ಬಗ್ಗೆ ಕಥೆ ಬರೆಯುವವರಿಗೆಲ್ಲ ಯಾರೋ ಒಂದೇ ಸ್ನಾನದ ಮನೆಯನ್ನು ಸರದಿಯ ಮೇಲೆ ಕೊಡುತ್ತಿದ್ದಾರೇನೋ ಅನ್ನಿಸಿ ಹರಿದು ಹಾಕಿದೆ.

(ಹರಿದು ಹಾಕಿದೆ ಅನ್ನುವುದು ಸುಳ್ಳು. ಡಿಲೀಟ್ ಒತ್ತಿದೆ. ಹರಿಯುವುದರಲ್ಲಿರುವ ಗತ್ತು ಡಿಲೀಟಿನಲ್ಲಿ ಎಲ್ಲಿ ಬರಬೇಕು.)

ಎರಡನೇ ಸಲ ಅಂಕಿಅಂಶದಿಂದ ಶುರು ಮಾಡಿದೆ. ಇಷ್ಟು ಹೆಂಗಸರಲ್ಲಿ ಇಷ್ಟು ಮಂದಿಗೆ ಎಂದು ಎರಡು ಸಾಲು ಬರೆಯುವಷ್ಟರಲ್ಲಿ ಕಥೆಗೆ ಸುತ್ತೋಲೆಯ ವಾಸನೆ ಬಂತು. ಅದನ್ನೂ ಬಿಟ್ಟೆ.

1 (ಮೂರನೇ ಸಲ)

ಟೇಪಕ್ಕನ ಕೊರಳಲ್ಲಿ ಸದಾ ಒಂದು ಹಳದಿ ಟೇಪು. ಅಳತೆಯ ಟೇಪು. ಅದಿಲ್ಲದೆ ಅವಳನ್ನು ಕಂಡವರು ಗಂಡ ಮತ್ತು ನಾದಿನಿ ಇಬ್ಬರೇ ಇರಬೇಕು. ಇಪ್ಪತ್ತಾರು ವರ್ಷದಿಂದ ಅದೇ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ, ಎಂಟಡಿ ಅಗಲದ ಅಂಗಡಿ ಅವಳದು. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಹಳೆಯದನ್ನು ಸರಿಮಾಡುವುದೇ ಹೆಚ್ಚು. ಬಾಗಿಲ ಮೇಲಿನ ಹಲಗೆಯಲ್ಲಿ ಬರೆದಿರುವುದು ಎರಡೇ ಮಾತು: "ಸಡಿಲ. ಬಿಗಿ." ದಪ್ಪಗಾದವರು, ತೆಳ್ಳಗಾದವರು, ಬಸುರಿಯರು, ಅಣ್ಣನ ಕೋಟನ್ನು ತಮ್ಮನಿಗೆ ಹೊಂದಿಸಬೇಕಾದವರು, ಎಲ್ಲರೂ ಅಲ್ಲಿಗೇ ಬರಬೇಕು.

ಅವಳ ಅಳತೆ ಪುಸ್ತಕ ಉದ್ದನೆಯದು, ನೀಲಿ ರಟ್ಟಿನದು. ಬೀದಿಯ ಹೆಂಗಸರೆಲ್ಲರ ಎದೆಸುತ್ತು, ಸೊಂಟ, ತೋಳು ಅದರಲ್ಲಿದೆ. ಯಾರು ಯಾವ ವರ್ಷ ಎಷ್ಟು ಹಿಗ್ಗಿದರು ಎಂದು ಟೇಪಕ್ಕ ಬಾಯಿಬಿಟ್ಟರೆ ಅರ್ಧ ಬೀದಿ ಇನ್ನರ್ಧ ಬೀದಿಯ ಜೊತೆ ಮಾತು ಬಿಟ್ಟೀತು. ಅವಳು ಬಾಯಿಬಿಡುವವಳಲ್ಲ. ಆ ಪುಸ್ತಕದಲ್ಲಿ ಇಲ್ಲದ್ದು ಒಬ್ಬಳದೇ ಅಳತೆ, ಅದು ಅವಳದು.

ಈಗ ನೋಡಿ. ಒಂದು ಮಧ್ಯಾಹ್ನ ಟೇಪಕ್ಕ ತನಗಾಗಿ ಒಂದು ಮೇಲಂಗಿ ಹೊಲಿದುಕೊಳ್ಳೋಣವೆಂದು ಮೊತ್ತಮೊದಲ ಬಾರಿಗೆ ತನ್ನ ಎದೆಗೇ ಟೇಪು ಸುತ್ತಿಕೊಂಡಾಗ ಎಡಗಡೆ ಕಾಲಿಂಚು ಹೆಚ್ಚು ಬಂತು...

"ತಡೀರಿ" ಅಂದಳು ಟೇಪಕ್ಕ. "ಕಾಲಿಂಚಿಗೆಲ್ಲ ಟೇಪು ಹೇಳಲ್ಲ ಕಥೆಗಾರ್ರೇ. ಉಸಿರು ಎಳ್ಕೊಂಡ್ರೇ ಒಂದಿಂಚು ಹೆಚ್ಚು ತೋರ್ಸುತ್ತೆ. ಕೈಗೆ ಸಿಕ್ಕಿದ್ದು ಅದು. ಸೋಪು ಹಚ್ಕೊಳ್ಳೋವಾಗ."

"ಎಲ್ಲಿ?"

"ಇನ್ನೆಲ್ಲಿ? ಸ್ನಾನದ ಮನೇಲಿ."

ಆಯಿತು. ಊರೆಲ್ಲ ಸುತ್ತಿ ಮತ್ತೆ ಅಲ್ಲಿಗೇ ಬಂದೆವು. ಕನ್ನಡಿ ಇರಲಿಲ್ಲವಂತೆ, ಅಷ್ಟೇ ಸಮಾಧಾನ.

2

ಟೇಪಕ್ಕನ ಗಂಡ ಬಸ್ಸಿನ ಡ್ರೈವರ್. ಮಾತು ಕಡಿಮೆ. ಅವನ ತಂಗಿ, ಎಂದರೆ ಟೇಪಕ್ಕನ ನಾದಿನಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಅಣ್ಣ ಅತ್ತಿಗೆಯ ಜೊತೆಗೇ ಇರುವವಳು. ಕಾಗದ ಪತ್ರದ ಕೆಲಸವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ಆಸ್ಪತ್ರೆಯ ಓಡಾಟವೆಲ್ಲ ಅವಳ ಪಾಲಿಗೆ ಬಂತು. ಮೊದಲ ಪರೀಕ್ಷೆಯ ರಿಪೋರ್ಟ್ ಬಂದಾಗ ಅದನ್ನು ಓದಿದವಳೂ ಅವಳೇ. ಓದಿ, ನಾಲ್ಕು ಮಡಿಕೆ ಮಾಡಿ, ತನ್ನ ಕೈಚೀಲದ ಜಿಪ್ಪಿನೊಳಗೆ ಹಾಕಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಟೇಪಕ್ಕನ ಹತ್ತಿರ ಬಂದು ನಗುಮುಖ ಮಾಡಿದಳು.

"ಏನೂ ಇಲ್ಲ ಅತ್ತಿಗೆ. ಸಣ್ಣ ಗಂಟು. ತೆಗೆದು ಬಿಸಾಕಿದ್ರೆ ಮುಗೀತು. ನೀವು ತಲೆ ಕೆಡಿಸ್ಕೋಬೇಡಿ."

ಆಪರೇಶನ್ನಿಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ಆ ಕಾಗದವನ್ನೂ ನಾದಿನಿ ಎಷ್ಟು ಜಾಣತನದಿಂದ ಮಡಿಚಿ ಹಿಡಿದಿದ್ದಳೆಂದರೆ ಟೇಪಕ್ಕನಿಗೆ ಕಂಡದ್ದು ಸಹಿಯ ಗೆರೆ ಮಾತ್ರ. ಮನೆಯಲ್ಲಿ ಆ ಕಾಯಿಲೆಯ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. "ಆ ವಿಷಯ" ಅನ್ನುತ್ತಿದ್ದರು. ಟೇಪಕ್ಕ ಕೋಣೆಗೆ ಕಾಲಿಟ್ಟರೆ "ಆ ವಿಷಯ"ವೂ ನಿಂತುಹೋಗಿ ಟಿ.ವಿ.ಯ ಸದ್ದು ಜೋರಾಗುತ್ತಿತ್ತು.

ಆದರೆ ಟೇಪಕ್ಕನಿಗೆ ಗೊತ್ತಾಯಿತು. ಆಪರೇಶನ್ನಿನ ದಿನ ಅವಳನ್ನು ಗಾಲಿ ಮಂಚದ ಮೇಲೆ ಅಂಗಾತ ಮಲಗಿಸಿ ತಳ್ಳಿಕೊಂಡು ಹೋಗುವಾಗ ಬಾಗಿಲ ಮೇಲಿನ ಫಲಕ ತಲೆಕೆಳಗಾಗಿ ಕಾಣಿಸಿತು. ಬಟ್ಟೆಯ ಒಳಗಿನ ಚೀಟಿಗಳನ್ನು ತಲೆಕೆಳಗಾಗಿ ಓದಿ ಓದಿ ಅಭ್ಯಾಸವಾದ ಕಣ್ಣು. "ಕ್ಯಾನ್ಸರ್ ಶಸ್ತ್ರಚಿಕಿತ್ಸೆ." ಓದಿಕೊಂಡಳು.  ಪಕ್ಕದಲ್ಲಿ ನಡೆದು ಬರುತ್ತಿದ್ದ ಗಂಡನ ಮುಖ ನೋಡಿದಳು. ಅವನು ಇನ್ನೊಂದು ಕಡೆ ನೋಡುತ್ತಿದ್ದ. ಪಾಪ, ಇವರೂ ಏನೂ ಗೊತ್ತಿಲ್ಲದ ಹಾಗೆ ಇರಬೇಕಲ್ಲ ಎಂದುಕೊಂಡು ಅವಳೂ ಏನೂ ಗೊತ್ತಿಲ್ಲದವಳ ಹಾಗೆ ಕಣ್ಣು ಮುಚ್ಚಿಕೊಂಡಳು.

(ಒಂದೇ ಮನೆಯಲ್ಲಿ ಮೂವರು, ಮೂವರಿಗೂ ಗೊತ್ತು, ಮೂವರೂ ಮುಚ್ಚಿಟ್ಟಿದ್ದಾರೆ. ಇದನ್ನು ನಾನು ಕಲ್ಪಿಸಿದ್ದು ಎಂದು ಹೇಳಿಕೊಳ್ಳಲು ಆಸೆ. ಆರನೆಯ ಭಾಗದಲ್ಲಿ ನಿಜ ಹೇಳುತ್ತೇನೆ.)

3

ಆಪರೇಶನ್ ಆಗಿ ಹನ್ನೆರಡನೇ ದಿನ, ಸೋಮವಾರ, ತೆಗೆದ ತುಂಡಿನ ರಿಪೋರ್ಟ್ ಬಂತು. ಆಪರೇಶನ್ ಮಾಡಿದ ಡಾಕ್ಟರಿಗೆ ಟೇಪಕ್ಕ ಮನಸ್ಸಿನಲ್ಲೇ "ಕತ್ತರಿ ಡಾಕ್ಟ್ರು" ಎಂದು ಹೆಸರಿಟ್ಟಿದ್ದಳು. ಒಳ್ಳೆಯವರು. ಹೊತ್ತಿಲ್ಲದವರು. ಅವರ ಕೋಣೆಯಲ್ಲಿ ರೋಗಿಯ ಕಡೆಯವರಿಗೆ ಒಂದೇ ಕುರ್ಚಿ. ನಾದಿನಿ ಕೈಚೀಲ ತಬ್ಬಿಕೊಂಡು ನಿಂತಿದ್ದಳು. ಮೇಜಿನ ಮೇಲಿನ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು.

"ರಿಪೋರ್ಟ್ ಬಂದಿದೆ. ಮಾರ್ಜಿನ್ ಕ್ಲಿಯರ್. ಮಾರ್ಜಿನ್‌ನಲ್ಲಿ ಏನೂ ಉಳಿದಿಲ್ಲ. ಕಂಕುಳಲ್ಲೂ ಏನಿಲ್ಲ. ಇನ್ನು ರೇಡಿಯೇಶನ್ ಒಂದು. ಗುರುವಾರ ಹೊಲಿಗೆ ಬಿಚ್ಚಿಸ್ಕೊಳ್ಳಿ, ಮುಂದಿನ ಸೋಮವಾರ ಅದಕ್ಕೆ ಮೈಮೇಲೆ ಶಾಯಿ ಗುರುತು ಹಾಕಿಸ್ಕೊಳ್ಳೋಕೆ ಬನ್ನಿ. ಕೇಳೋದೇನಾದ್ರೂ ಇದೆಯಾ?"

ಕೊನೆಯ ಪ್ರಶ್ನೆ ಕೇಳುವಷ್ಟರಲ್ಲಿ ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಏನಿಲ್ಲ ಡಾಕ್ಟ್ರೇ" ಎಂದಳು ನಾದಿನಿ.

ಹೊರಗೆ ಬಂದ ಕೂಡಲೇ ನಾದಿನಿ ಗೋಡೆಗೆ ಒರಗಿ ಗಳಗಳನೆ ಅತ್ತಳು. ಕಣ್ಣು ಒರೆಸಿಕೊಂಡು ನಗಲು ಹೋದಳು. "ಒಳ್ಳೇ ಸುದ್ದಿ ಅತ್ತಿಗೆ. ಏನೂ ಇಲ್ಲ. ಎಲ್ಲ ಚೆನ್ನಾಗಾಯ್ತು."

ಏನೂ ಇಲ್ಲ. ಮೊದಲ ಸಲವೂ ಇವಳು ಇದನ್ನೇ ಹೇಳಿದ್ದಳು ಎಂದುಕೊಂಡಳು ಟೇಪಕ್ಕ. ಅವಳು ನಾದಿನಿಯ ಕೈಹಿಡಿದು ಮೆಟ್ಟಿಲು ಇಳಿಸಿದಳು.

4

ಓದುಗರೇ, ಇಲ್ಲಿ ಸ್ವಲ್ಪ ಹತ್ತಿರ ಬನ್ನಿ. ಅವಳಿಗೆ ಕೇಳಿಸುವುದು ಬೇಡ.

ದರ್ಜಿಗಳ ಬಾಯಲ್ಲಿ ಮಾರ್ಜಿನ್ ಅಂದರೆ ಹೊಲಿಗೆಯ ಒಳಗಡೆ ಬಿಟ್ಟ ಹೆಚ್ಚುವರಿ ಬಟ್ಟೆ. ಮುಂದೆ ದೇಹ ಬದಲಾದರೆ ಇರಲಿ ಎಂದು ಬಿಟ್ಟದ್ದು. ಅಂಗಿ ಬಿಗಿಯಾಯಿತೆಂದು ಯಾರಾದರೂ ತಂದರೆ ಟೇಪಕ್ಕ ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಾಳೆ. ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸಡಿಲ ಮಾಡಬಹುದು. ಬಿಟ್ಟಿಲ್ಲದಿದ್ದರೆ ಅವಳು ಹೇಳುವುದು ಒಂದೇ ಮಾತು: "ಮಾರ್ಜಿನ್‌ನಲ್ಲಿ ಏನೂ ಇಲ್ಲ. ಏನೂ ಮಾಡೋಕಾಗಲ್ಲ." ಹೇಳಿ, ಬಟ್ಟೆಯನ್ನು ಮಡಿಚಿ ವಾಪಸು ಕೊಡುತ್ತಾಳೆ. ಇಪ್ಪತ್ತಾರು ವರ್ಷ ಆ ಮಾತನ್ನು ಬೇರೆಯವರಿಗೆ ಹೇಳಿದವಳು ಸೋಮವಾರ ಅದನ್ನು ತನ್ನ ಕಿವಿಯಾರೆ ಕೇಳಿಸಿಕೊಂಡಳು.

ಕತ್ತರಿ ಡಾಕ್ಟರ ಬಾಯಲ್ಲಿ ಆ ಮಾತಿನ ಅರ್ಥವೇ ಬೇರೆ. ಗಂಟನ್ನು ತೆಗೆಯುವಾಗ ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ತೆಗೆದ ತುಂಡಿನ ಅಂಚಿಗೆ ಮಾರ್ಜಿನ್ ಎನ್ನುತ್ತಾರೆ. ಆ ಅಂಚಿನಲ್ಲಿ ಕಾಯಿಲೆ ಇಲ್ಲ ಎಂದರೆ ಒಳಗೆ ಉಳಿದಿರುವ ಸಂಭವ ಕಡಿಮೆ. ಸಿಹಿ ಹಂಚಬೇಕಾದ ಸುದ್ದಿ ಅದು.

ಈಗ ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ನಾವಿಬ್ಬರೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಪಿಸುಗುಟ್ಟುವ ನೆಂಟರಾಗಿಬಿಟ್ಟೆವು, ಗಮನಿಸಿದಿರಾ?

5

ಟೇಪಕ್ಕ ಅಳಲಿಲ್ಲ. ಅಂಗಡಿಗೆ ಹೋದಳು. ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ಬಲಗೈಯಿಂದಲೇ ಬಾಗಿಲು ಎತ್ತಿದಳು. ನೇತುಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಇಳಿಸಿ ಯಾವುದು ಮುಗಿದಿದೆ, ಯಾವುದು ಅರ್ಧ ಆಗಿದೆ ಎಂದು ವಿಂಗಡಿಸಿದಳು. ಮುಗಿದದ್ದಕ್ಕೆ ಚೀಟಿ ಚುಚ್ಚಿದಳು. ಅರ್ಧ ಆದದ್ದನ್ನು ಪಕ್ಕದ ಬೀದಿಯ ದರ್ಜಿಯಮ್ಮನಿಗೆ ಕೊಡಬೇಕು. ಅಳತೆ ಪುಸ್ತಕವನ್ನೂ ಅವಳಿಗೇ ಕೊಡಬೇಕು. ಆದರೆ ಕೊಡುವ ಮೊದಲು ಕೆಲವು ಪುಟಗಳ ಬದಿಯಲ್ಲಿ ತಾನು ಬರೆದುಕೊಂಡ ಟಿಪ್ಪಣಿಗಳನ್ನು ಅಳಿಸಬೇಕು. "ಹೊಟ್ಟೆ ಒಳಗೆ ಎಳ್ಕೋತಾಳೆ, ಒಂದೂವರೆ ಸೇರಿಸು" ಅನ್ನುವಂಥವು.

ರಬ್ಬರು ಹುಡುಕುತ್ತ ಅವಳು ರೇಡಿಯೇಶನ್ನಿನ ಬಗ್ಗೆ ತೀರ್ಮಾನ ಮಾಡಿದಳು. ಶಾಖ ಕೊಡುವುದಂತೆ, ಐದು ವಾರ, ದಿನಾ ಹೋಗಬೇಕಂತೆ. ಬಟ್ಟೆಯೇ ಇಲ್ಲ ಅಂದಮೇಲೆ ಇಸ್ತ್ರಿ ಹಾಕಿ ಏನು ಬಂತು? ಗಂಡ ದಿನಾ ರಜೆ ಹಾಕಬೇಕು, ನಾದಿನಿ ದಿನಾ ಸುಳ್ಳು ನಗು ನಗಬೇಕು. ಬೇಡ. ಗುರುವಾರ ಹೊಲಿಗೆ ಬಿಚ್ಚಿಸಿಕೊಂಡರೆ ಆಸ್ಪತ್ರೆಯ ಋಣ ಮುಗಿಯಿತು. ಸೋಮವಾರ ಬೆಳಿಗ್ಗೆ ತಲೆನೋವು ಅಂದರಾಯಿತು, ಆಮೇಲೆ ದಿನ ದೂಡಿದರಾಯಿತು.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕು? ಹೇಳಬೇಕಾದರೆ ಮೊದಲು ತನಗೆ ಎಲ್ಲ ಗೊತ್ತು ಅಂತ ಹೇಳಬೇಕಲ್ಲ.

6

ನನಗೆ ತಡೆಯಲಾಗಲಿಲ್ಲ. ಬುಧವಾರ ನನ್ನನ್ನೇ ಕಥೆಯೊಳಗೆ ಬರೆದುಕೊಂಡು ಅವಳ ಅಂಗಡಿಗೆ ಹೋದೆ. ಸುಮ್ಮನೆ ಹೋದರೆ ಚೆನ್ನಾಗಿರುವುದಿಲ್ಲವೆಂದು ಕೈಯಲ್ಲಿ ಒಂದು ಕೋಟು ಇಟ್ಟುಕೊಂಡೆ.

"ಬಿಗಿಯಾಗಿದೆ" ಎಂದೆ.

ಟೇಪಕ್ಕ ಕೋಟನ್ನು ಒಳಮಗ್ಗುಲು ತಿರುಗಿಸಿದಳು. ಹೆಬ್ಬೆರಳಿನಿಂದ ಹೊಲಿಗೆ ಸವರಿದಳು. "ನಿಮ್ದಕ್ಕೆ ಬಿಟ್ಟಿದಾರೆ. ಒಂದಿಂಚು ಇದೆ. ನಿಮ್ಮ ಅದೃಷ್ಟ."

ಆ "ನಿಮ್ದಕ್ಕೆ" ಎಂಬ ಮಾತು ಅವಳ ಬಾಯಿಂದ ಹೇಗೆ ಬಂತೆಂದು ಬರೆಯಲು ನನಗೆ ಬರುವುದಿಲ್ಲ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದೇನು ಗೊತ್ತೇ? "ಈಗ ಆರೋಗ್ಯ ಹೇಗಿದೆ?" ಎಂದೆ. "ಚೆನ್ನಾಗಿದೆ" ಎಂದಳು. "ಯಾವಾಗ ಬರ್ಲಿ?" ಎಂದೆ. "ಈ ವಾರ ಆಗಲ್ಲ. ನೋಡೋಣ" ಎಂದು ಕೋಟನ್ನು ಗೂಟಕ್ಕೆ ಹಾಕಿದಳು. ಹೊರಗೆ ಬಂದುಬಿಟ್ಟೆ.

(ನನ್ನ ಚಿಕ್ಕಮ್ಮನ ವಿಷಯ. ನನಗಾಗ ಇಪ್ಪತ್ತೆರಡು. ಆಸ್ಪತ್ರೆಯ ಫೈಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಆ ಕಾಯಿಲೆಯ ಹೆಸರು ಅಚ್ಚಾಗಿತ್ತು. ಚಿಕ್ಕಮ್ಮನಿಗೆ ಕಾಣಬಾರದೆಂದು ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಅದಕ್ಕೆ ಕಂದು ಕಾಗದದ ರಟ್ಟು ಹಾಕಿದವ ನಾನು. ಅಚ್ಚುಕಟ್ಟಾಗಿ ಹಾಕಿದೆ. ಮೇಲೆ "ಮನೆ ಕಾಗದ" ಎಂದು ಚೀಟಿಯನ್ನೂ ಅಂಟಿಸಿದೆ. ಎಲ್ಲರೂ ಹೊಗಳಿದರು. ಚಿಕ್ಕಮ್ಮ ಒಂದು ದಿನ ಆ ಫೈಲನ್ನು ಕೈಯಲ್ಲಿ ಹಿಡಿದು, ಚೀಟಿಯ ಮೇಲೆ ಬೆರಳಾಡಿಸಿ, "ಅಕ್ಷರ ಚೆನ್ನಾಗಿ ಬರೀತೀಯ" ಅಂದಳು. ಅಷ್ಟೇ. ಅವಳಿಗೆ ಗೊತ್ತಿತ್ತು. ಕೇಳಬೇಕಾದದ್ದು ಅವಳಿಗೆ ಎಷ್ಟೋ ಇತ್ತು. ನಾನು ಹಾಕಿದ ರಟ್ಟು ಬಿಚ್ಚಿ ನನ್ನ ಮನಸ್ಸು ನೋಯಿಸುವುದು ಬೇಡವೆಂದು ಕೇಳದೆ ಹೋದಳು. ಆಮೇಲೆ ನಾನು ಕಥೆಗಾರನಾದೆ. ಅಕ್ಷರ ಚೆನ್ನಾಗಿಯೇ ಬರೆಯುತ್ತೇನೆ. ಆ ಮಾತು ನೆನಪಾದಾಗಲೆಲ್ಲ ನಾಚಿಕೆಯಿಂದ ಕೈ ನಿಲ್ಲುತ್ತದೆ.)

7

ಗುರುವಾರಕ್ಕೆ ಮೊದಲು ಕೊನೆಯನ್ನು ಯೋಚಿಸಿಕೊಳ್ಳಬೇಕು. ಎರಡು ಕೊನೆಗಳಿವೆ.

ಕೊನೆ ಅ: ಟೇಪಕ್ಕ ಸೋಮವಾರ ಹೋಗುವುದಿಲ್ಲ. ಎರಡು ವರ್ಷದ ನಂತರ ಅದೇ ಅಂಗಡಿಯಲ್ಲಿ ಬೇರೆ ಯಾರೋ ಬೀಗ ಮಾರುತ್ತಿದ್ದಾರೆ. ಗೂಟದಲ್ಲಿ ಒಂದು ಕೋಟು. ಒಂದೇ ಒಂದು ಪದ ತಪ್ಪಾಗಿ ಕೇಳಿದ್ದಕ್ಕೆ ಒಂದು ಜೀವ. ಓದಿದವರು ನಿಟ್ಟುಸಿರು ಬಿಡುತ್ತಾರೆ, ಗಂಭೀರ ಕಥೆ ಎನ್ನುತ್ತಾರೆ.

ಕೊನೆ ಆ: ಭಾನುವಾರ ಟೇಪಕ್ಕನಿಗೆ ನಾದಿನಿಯ ಕೈಚೀಲದಲ್ಲಿ ಆಸ್ಪತ್ರೆಯವರು ಕೊಟ್ಟ ಚಿಕ್ಕ ಪುಸ್ತಕವೊಂದು ಸಿಗುತ್ತದೆ. ಅದರ ಒಂಬತ್ತನೇ ಪುಟದಲ್ಲಿ "ಮಾರ್ಜಿನ್ ಎಂದರೇನು?" ಎಂದು ಇರುತ್ತದೆ. ಎಲ್ಲ ಸುಖಾಂತ.

"ಮೊದಲ್ನೇದು ಯಾಕೆ ಬರೆದ್ರಿ?" ಟೇಪಕ್ಕ ನನ್ನ ಬೆನ್ನ ಹಿಂದೆ ನಿಂತಿದ್ದಳು.

ಅವಳು ಎರಡನೇದಕ್ಕೆ ಬರುವ ಮೊದಲೇ ನಾನು ಸ್ಕ್ರೀನಿಗೆ ಕೈ ಅಡ್ಡ ಹಿಡಿದೆ. ಅಭ್ಯಾಸ, ಇನ್ನೇನು.

"ಕೈ ತೆಗೀರಿ. ತಲೆಕೆಳಗಾಗೇ ಓದ್ತೀನಿ ನಾನು. ಯಾವ ಪದ? ಯಾವ ಪದ ತಪ್ಪಾಗಿ ಕೇಳ್ದೆ ನಾನು?"

ಮೇಲೆ ಇದ್ದ ನಾಲ್ಕನೆಯ ಭಾಗವನ್ನು ಅವಳು ನೋಡಿರಲಿಲ್ಲ. ಅದನ್ನು ಇನ್ನಷ್ಟು ಮೇಲಕ್ಕೆ ಸರಿಸಿದೆ.

"ಹೇಳಿ. ಗೊತ್ತಿದ್ದೂ ಹೇಳ್ತಿಲ್ಲ ಅಂದ್ರೆ ನನ್ನ ನಾದಿನಿಗೂ ನಿಮಗೂ ಏನು ವ್ಯತ್ಯಾಸ? ಅವಳಾದ್ರೂ ಪ್ರೀತಿಗೆ ಮುಚ್ಚಿಟ್ಟಳು. ನೀವು ಯಾತಕ್ಕೆ?"

"ಕುತೂಹಲ ಇರ್ಬೇಕಲ್ಲ ಟೇಪಕ್ಕ. ಕಥೆ ಅಂದ್ಮೇಲೆ..."

"ಕುತೂಹಲ" ಎಂದಳು ಅವಳು. ಆ ಪದವನ್ನು ನನ್ನ ಕೋಟನ್ನು ತಿರುಗಿಸಿದ ಹಾಗೆಯೇ ಒಳಮಗ್ಗುಲು ತಿರುಗಿಸಿ ನೋಡಿದಳು. "ನಿಮ್ಮ ಕುತೂಹಲಕ್ಕೆ ನಾನು ಮೂರು ದಿನದಿಂದ ನಿದ್ದೆ ಮಾಡಿಲ್ಲ."

 ಆಗಲೂ ನಾನು ಹೇಳಲಿಲ್ಲ ಎಂಬುದನ್ನು ದಾಖಲಿಸಿಬಿಡುತ್ತೇನೆ. ಗುರುವಾರ ನೋಡಿಕೊಳ್ಳೋಣ ಎಂದೆ. ಅವಳು ಮುಖ ಊದಿಸಿಕೊಂಡು ಕಥೆಯೊಳಕ್ಕೆ ವಾಪಸು ಹೋದಳು.

8

ಗುರುವಾರ ಬೆಳಿಗ್ಗೆ ಡ್ರೆಸಿಂಗ್ ಕೋಣೆಯ ಮುಂದೆ ಹದಿನಾಲ್ಕು ಜನ. (ಬೇಕೆಂದೇ ಅಷ್ಟು ಬರೆದೆ. ಅಲ್ಲಿನ ಸಿಸ್ಟರಿಗೆ ಮಾತಾಡಲು ಪುರಸೊತ್ತು ಸಿಗಬಾರದು. 'ಕೊನೆ ಅ' ಕಡೆಗೆ ನನ್ನ ಮನಸ್ಸು ಇನ್ನೂ ವಾಲುತ್ತಿತ್ತು, ಸುಳ್ಳೇಕೆ ಹೇಳಲಿ.) ನಾದಿನಿ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಟೇಪಕ್ಕ ಮತ್ತು ಪಟ್ಟಿ ಕಟ್ಟುವ ಸಿಸ್ಟರ್, ಇಬ್ಬರೇ. ಸಿಸ್ಟರ್ ಸಣ್ಣ ಕತ್ತರಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಟೇಪಕ್ಕ ಕತ್ತು ಬಗ್ಗಿಸಿ ನೋಡಿದಳು.

"ಯಾರು ಹೊಲಿದಿದ್ದು?"

"ಡಾಕ್ಟ್ರೇ. ಯಾಕೆ, ನೋವಾಯ್ತಾ?"

"ಇಲ್ಲಮ್ಮ. ಒಳ್ಳೇ ಕೈ. ಹೊಲಿಗೆ ಹೊಲಿಗೆ ಮಧ್ಯೆ ಸಮ ಬಿಟ್ಟಿದಾರೆ. ನನ್ನ ಅಂಗಡೀಲಿ ಕೆಲಸ ಕೊಡ್ತಿದ್ದೆ."

ಸಿಸ್ಟರ್ ನಕ್ಕಳು. ಹತ್ತಿಯಿಂದ ಒರೆಸಿದಳು. "ಸೋಮವಾರ ಗುರುತು ಹಾಕಿಸ್ಕೊಳ್ಳೋಕೆ ಬರ್ತೀರಲ್ಲ?"

"ಇಲ್ಲ ಸಿಸ್ಟರ್. ಬರಲ್ಲ."

ಯಾಕೆ ಹೀಗೆ ಬಾಯಿಬಿಟ್ಟೆ ಎಂದು ಟೇಪಕ್ಕನಿಗೇ ಆಶ್ಚರ್ಯವಾಯಿತು. ಹೊರಗಿನವರ ಮುಂದೆ ನಿಜ ಹೇಳುವುದು ಸಲೀಸು. ಮೇಲಾಗಿ ಅರ್ಧ ಬಟ್ಟೆ ಬಿಚ್ಚಿ ಕೂತವಳಿಗೆ ಮುಚ್ಚಿಡಲು ಹೆಚ್ಚೇನೂ ಉಳಿದಿರುವುದಿಲ್ಲ.

"ಯಾಕೆ ಬರಲ್ಲ?"

"ಮಾರ್ಜಿನ್ ಇಲ್ವಲ್ಲ."

ಇಲ್ಲಿ ನಾನು ಬರೆದಿದ್ದು: ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು, ಸಿಸ್ಟರ್ "ಡಾಕ್ಟ್ರ ಹತ್ರ ಮಾತಾಡಿ" ಎಂದು ಮುಂದಿನವರನ್ನು ಕರೆದಳು. ಆದರೆ ಸಿಸ್ಟರ್ ಕೈಯಲ್ಲಿದ್ದ ಇಕ್ಕಳವನ್ನು ಟ್ರೇಯಲ್ಲಿ ಇಟ್ಟು ನನ್ನ ಕಡೆ ತಿರುಗಿದಳು.

"ಹದಿನಾಲ್ಕು ಜನ ಅಂತ ಬರೆದಿದೀರಲ್ಲ, ಒಬ್ರನ್ನ ಕಮ್ಮಿ ಮಾಡಿ ಸ್ವಾಮಿ. ಐದು ನಿಮಿಷ ಬೇಕು ನನಗೆ."

ಹದಿಮೂರು ಜನ. ಕಮ್ಮಿಯಾದವರು ಯಾರು ಎಂದು ಕೇಳಬೇಡಿ. ಅವರು ಮಧ್ಯಾಹ್ನ ಬರುತ್ತಾರೆ.

"ಅಕ್ಕ," ಎಂದಳು ಸಿಸ್ಟರ್, ಸ್ಟೂಲನ್ನು ಹತ್ತಿರ ಎಳೆದುಕೊಂಡು, "ಮಾರ್ಜಿನ್ ಅಂದ್ರೆ ನಿಮ್ಮ ಪ್ರಕಾರ ಏನು? ನೀವು ಹೇಳಿ, ನಾನು ಕೇಳ್ತೀನಿ."

ಇಷ್ಟು ದಿನದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅರ್ಥ ಆಯಿತಾ ಎಂದು ಕೇಳಿದ್ದರು, ಅವಳು ತಲೆಯಾಡಿಸಿದ್ದಳು. ಏನು ಅರ್ಥ ಆಯಿತು ಎಂದು ಕೇಳಿದವಳು ಇವಳೊಬ್ಬಳೇ. ಟೇಪಕ್ಕ ಸಿಸ್ಟರಿನ ಬಿಳಿ ಅಂಗಿಯ ತೋಳಿನ ತುದಿಯನ್ನೇ ಮಡಿಚಿ ತೋರಿಸಿದಳು. ನೋಡಿ, ಇಷ್ಟು ಒಳಗೆ ಬಿಟ್ಟಿದ್ರೆ ಬಿಚ್ಚಿ ದೊಡ್ಡದು ಮಾಡಬಹುದು, ಬಿಟ್ಟಿಲ್ಲ ಅಂದ್ರೆ ಮುಗೀತು. ನನ್ನದ್ರಲ್ಲಿ ಏನೂ ಬಿಟ್ಟಿಲ್ಲ ಅಂದ್ರಲ್ಲ ಡಾಕ್ಟ್ರು. 

ಸಿಸ್ಟರಿನ ಕಣ್ಣು ದೊಡ್ಡದಾಯಿತು. ಅವಳು ಒಂದು ಗಾಜ್ ಬಟ್ಟೆಯ ತುಂಡು ತೆಗೆದುಕೊಂಡು ನಡುವೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. ಶಾಯಿ ಹರಡಿ ಕಾಳಿನಷ್ಟಾಯಿತು.

"ನಿಮ್ಮಂಗಡಿಗೆ ಕಲೆ ಬಿದ್ದ ಬಟ್ಟೆ ಬಂತು. ಕಲೆ ಹೋಗಲ್ಲ, ಕತ್ತರಿಸಿ ತೆಗೀಬೇಕು. ಎಷ್ಟು ಕತ್ತರಿಸ್ತೀರಿ?"

"ಕಲೆಗಿಂತ ಸ್ವಲ್ಪ ಹೆಚ್ಚು. ಸುತ್ತ ಹರಡಿರುತ್ತಲ್ಲ."

"ಕತ್ತರಿಸಿ."

ಟೇಪಕ್ಕ ಕತ್ತರಿ ತೆಗೆದುಕೊಂಡು ಚುಕ್ಕೆಯ ಸುತ್ತ ಅರ್ಧ ಇಂಚು ಬಿಟ್ಟು ದುಂಡಗೆ ಕತ್ತರಿಸಿದಳು. ಸಿಸ್ಟರ್ ಆ ದುಂಡನೆಯ ತುಂಡನ್ನು ಬೆಳಕಿಗೆ ಹಿಡಿದಳು.

"ಈಗ ಈ ತುಂಡಿನ ಅಂಚು ನೋಡಿ. ಶಾಯಿ ತಾಗಿದೆಯಾ?"

"ಇಲ್ಲ. ಬೆಳ್ಳಗಿದೆ."

"ಇದೇ ಅಕ್ಕ ಮಾರ್ಜಿನ್. ತೆಗೆದ ತುಂಡಿಂದು. ಅಂಚಿನಲ್ಲಿ ಏನೂ ಇಲ್ಲ ಅಂದ್ರು ಡಾಕ್ಟ್ರು."

ಟೇಪಕ್ಕ ಆ ತುಂಡನ್ನು ಇಸಿದುಕೊಂಡು ಸುತ್ತಲೂ ತಿರುಗಿಸಿ ನೋಡಿದಳು. ಎರಡು ಸುತ್ತು. "ಏನೂ ಇಲ್ಲ ಅಂದಿದ್ದು... ಬಟ್ಟೆ ಅಲ್ವಾ? ಕಲೆನಾ?"

"ಕಲೆ."

ಆಗ ಅತ್ತಳು ಟೇಪಕ್ಕ. ಆಪರೇಶನ್ನಿಗೆ ಮೊದಲಿನದು, ಫಲಕ ಓದಿದಾಗಿನದು, ಸೋಮವಾರದ್ದು, ಎಲ್ಲ ಸೇರಿಸಿ ಅತ್ತಳು. ಸಿಸ್ಟರ್ ಅವಳ ಬಲಭುಜ ಹಿಡಿದುಕೊಂಡು ಕೂತಳು, ಗಡಿಯಾರ ನೋಡಲಿಲ್ಲ. ನಾನೂ ಹದಿಮೂರು ಜನರನ್ನು ಹೊರಗೆ ಸುಮ್ಮನಿರಿಸಿದೆ. ಈ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಬಹುಶಃ ಇದೊಂದೇ.

9

ಸಂಜೆ ಟೇಪಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು ನಾದಿನಿಯನ್ನು ಕತ್ತರಿಸುವ ಮೇಜಿನ ಎದುರು ಕೂರಿಸಿದಳು.

"ಚೀಲ ತೆಗಿ. ಕಾಗದ ಎಲ್ಲ ಮೇಜಿನ ಮೇಲಿಡು."

"ಅತ್ತಿಗೆ, ಅದೆಲ್ಲ ನಿಮಗೆ ಯಾಕೆ..."

"ನನಗೆ ಕ್ಯಾನ್ಸರ್ ಅಂತ ನನಗೆ ಗೊತ್ತು ಕಣೇ."

ಆ ಪದ ಆ ಮನೆತನದಲ್ಲಿ ಮೊದಲ ಬಾರಿಗೆ ಬಾಯಿಂದ ಹೊರಗೆ ಬಂತು. ಬೀದಿಯಲ್ಲಿ ಬೀಗ ರಿಪೇರಿಯವನು ಎಂದಿನಂತೆ ಕೀಲಿ ಉಜ್ಜುತ್ತಿದ್ದ. ನಾದಿನಿ ಬಿಳುಚಿಕೊಂಡಳು.

"ನೀನು ಮೊದಲ ಸಲ ನಿಜ ಹೇಳಿದ್ದಿದ್ರೆ ಎರಡನೇ ಸಲ ನಿಜ ಹೇಳಿದಾಗ ನಂಬ್ತಿದ್ದೆ. ಒಳ್ಳೇ ಸುದ್ದಿ ಅಂತ ನೀನು ಅಳ್ತಾ ಇದ್ರೆ ನಾನು ಏನಂದ್ಕೋಬೇಕು?"

"ಹೆದರ್ತೀರಿ ಅಂತ ಅತ್ತಿಗೆ..."

"ಹೆದರಿದೆ. ಒಬ್ಬಳೇ ಹೆದರಿದೆ. ನೀನು ಹೇಳಿದ್ರೆ ಇಬ್ಬರೂ ಕೂತು ಹೆದರ್ತಿದ್ವಿ."

ನಾದಿನಿ ಮೇಜಿನ ಮೇಲೆ ತಲೆಯಿಟ್ಟಳು. ಟೇಪಕ್ಕ ಅವಳ ತಲೆ ಸವರಿದಳು, ಬೈಯುತ್ತಲೇ ಸವರಿದಳು. ಆಮೇಲೆ ಇಬ್ಬರೂ ನಾಲ್ಕು ಮಡಿಕೆಯ ಕಾಗದಗಳನ್ನು ಬಿಚ್ಚಿ, ಇಸ್ತ್ರಿಯಿಂದ ಒತ್ತಿ ನೇರ ಮಾಡಿ, ಒಂದೊಂದೇ ಓದಿದರು. ನಾನು 'ಕೊನೆ ಆ'ದಲ್ಲಿ ಬರೆದ ಚಿಕ್ಕ ಪುಸ್ತಕ ನಿಜಕ್ಕೂ ಅದೇ ಚೀಲದಲ್ಲಿತ್ತು, ಒಂಬತ್ತನೇ ಪುಟವೂ ಇತ್ತು. ಮೂರು ವಾರ ಜಿಪ್ಪಿನೊಳಗೆ ಇತ್ತು.

ಓದುತ್ತ ಅರ್ಥವಾಗದ್ದನ್ನು ಬರೆದುಕೊಳ್ಳಲು ಟೇಪಕ್ಕ ನೀಲಿ ಪುಸ್ತಕ ತೆಗೆದಳು. ಹೊಸ ಪುಟದ ಮೇಲೆ ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ "ನಾನು" ಎಂದು ಬರೆದಳು. ಕೆಳಗೆ:

ಎಡಗೈ ಪೂರ್ತಿ ಎತ್ತೋಕೆ ಯಾವಾಗ ಆಗುತ್ತೆ? ಭುಜದ ಅಳತೆ ತಗೋಬೇಕು.
ಶಾಖದಿಂದ ಚರ್ಮ ಬಿಗಿ ಆಗುತ್ತಾ? ಎಷ್ಟು?
ಎಡಗಡೆ ಸಣ್ಣ ಆಗಿದೆ. ಒಳಗೆ ಹತ್ತಿ ಇಟ್ಟು ಹೊಲ್ಕೋಬಹುದಾ?
ನನ್ನ ತಂಗಿಗೂ ಬರುತ್ತಾ? ಅವಳು ಏನು ನೋಡಿಸ್ಕೋಬೇಕು?
ಅಳು ಬಂದ್ರೆ ಯಾರ ಹತ್ರ ಹೋಗೋದು? ಅದಕ್ಕೂ ಯಾರಾದ್ರೂ ಇದಾರಾ?
ಇವರು ಯಾಕೆ ಹಾಸಿಗೆಯ ಆ ತುದಿಯಲ್ಲಿ ಮಲಗ್ತಾರೆ? (ಇದು ಡಾಕ್ಟ್ರಿಗಲ್ಲ.)
ಮತ್ತೆ ಬರುತ್ತಾ?

ಆರನೆಯ ಪ್ರಶ್ನೆಯನ್ನು ಅವಳು ಆ ದಿನವೇ ಊಟ ಬಡಿಸುವಾಗ ಗಂಡನನ್ನು ಕೇಳಿದಳು. ಅವನು ತಟ್ಟೆ ನೋಡುತ್ತ "ನಿದ್ದೇಲಿ ಕೈ ತಾಗಿ ನೋವಾದ್ರೆ ಅಂತ" ಎಂದ. ದಿನಾ ನಲವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವವನು ಹೆಂಡತಿಯ ಪಕ್ಕದಲ್ಲಿ ಹೊರಳಲು ಹೆದರಿ ಮರದ ಕೊರಡಿನ ಹಾಗೆ ಮಲಗುತ್ತಿದ್ದ. ಇವಳು ಅದನ್ನು ಅಸಹ್ಯ ಎಂದುಕೊಂಡಿದ್ದಳು. "ಬಲಗಡೆ ಬಂದು ಮಲಗಿ, ಅಷ್ಟಕ್ಕೆ ಯಾಕೆ ಇಷ್ಟು" ಎಂದಳು ಟೇಪಕ್ಕ.

10

ಸೋಮವಾರ ಕತ್ತರಿ ಡಾಕ್ಟ್ರು ನಾಲ್ಕು ಮಾತಿನಲ್ಲಿ ನಾಲ್ಕು ವಿಷಯ ಹೇಳಿ, "ಕೇಳೋದೇನಾದ್ರೂ ಇದೆಯಾ?" ಎಂದು ಅರ್ಧ ಎದ್ದರು.

"ಇದೆ" ಎಂದಳು ಟೇಪಕ್ಕ. ತೊಡೆಯ ಮೇಲಿದ್ದ ಉದ್ದನೆಯ ನೀಲಿ ಪುಸ್ತಕ ಬಿಚ್ಚಿದಳು.

ಡಾಕ್ಟ್ರು ಆ ಪುಸ್ತಕದ ಗಾತ್ರ ನೋಡಿದರು. ಕೂತರು. ಫೋನು ಹೊಡೆದುಕೊಂಡಾಗ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರು. ಒಂದೊಂದಕ್ಕೂ ಉತ್ತರ ಹೇಳಿದರು, ಅವಳು ಗಿರಾಕಿಯ ಇಂಚು ಬರೆದುಕೊಳ್ಳುವ ಹಾಗೆ ಪ್ರಶ್ನೆಯ ಎದುರಿಗೆ ಬರೆದುಕೊಂಡಳು. ಅಳು ಬಂದರೆ ಹೋಗಲು ಎರಡನೇ ಮಹಡಿಯಲ್ಲಿ ಒಬ್ಬರು ಇದ್ದಾರಂತೆ, ಬುಧವಾರ ಬುಧವಾರ ಇದೇ ಕಾಯಿಲೆ ದಾಟಿದ ಹೆಂಗಸರೂ ಅಲ್ಲಿ ಸೇರುತ್ತಾರಂತೆ. ಯಾರೂ ಕೇಳುವುದಿಲ್ಲವಾದ್ದರಿಂದ ತಾನೂ ಹೇಳುವುದಿಲ್ಲ ಎಂದು ಡಾಕ್ಟ್ರು ಒಪ್ಪಿಕೊಂಡರು.

ಕೊನೆಯ ಪ್ರಶ್ನೆ ಓದುವಾಗ ನಾದಿನಿ ಟೇಪಕ್ಕನ ಕೈ ಹಿಡಿದುಕೊಂಡಳು.

"ಮತ್ತೆ ಬರೋ ಸಾಧ್ಯತೆ ಕಮ್ಮಿ ಮಾಡೋಕೇ ಈ ರೇಡಿಯೇಶನ್" ಎಂದರು ಡಾಕ್ಟ್ರು. "ಬರೋದೇ ಇಲ್ಲ ಅಂತ ನಾನು ಹೇಳೋಕಾಗಲ್ಲ ಅಮ್ಮ. ಯಾರೂ ಹೇಳೋಕಾಗಲ್ಲ. ಆಗಾಗ ನೋಡ್ತಾ ಇರೋಣ."

ಟೇಪಕ್ಕ ಅದನ್ನೂ ಬರೆದುಕೊಂಡಳು. ಎದುರಿಗೆ ಇಂಚು ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಳು.

ಮಧ್ಯಾಹ್ನ ನಾನು ಅಂಗಡಿಗೆ ಹೋದೆ. ಬಾಗಿಲು ಪೂರ್ತಿ ತೆರೆದಿತ್ತು. ವಿಂಗಡಿಸಿದ್ದ ಬಟ್ಟೆಗಳೆಲ್ಲ ಮತ್ತೆ ಗೂಟಕ್ಕೆ ಏರಿದ್ದವು. ಅವಳ ಕೊರಳ ಹತ್ತಿರ, ಅಂಗಿಯ ಅಂಚಿನಲ್ಲಿ, ಸಣ್ಣದೊಂದು ಶಾಯಿ ಗೆರೆ ಕಾಣುತ್ತಿತ್ತು.

"ನೇರವಾಗಿ ಎಳೆದಿದಾರೆ" ಎಂದಳು. "ನನ್ನ ಸೀಮೆಸುಣ್ಣದ ಗೆರೆಗಿಂತ ನೇರ. ನಿಮ್ಮ ಕೋಟು ಆಗಿದೆ, ಹಾಕ್ಕೊಂಡು ನೋಡಿ."

ಹಾಕಿಕೊಂಡೆ. ಹಾಯಾಗಿತ್ತು.

"ಕೊನೆ ಹೇಗೆ ಮಾಡ್ಲಿ ಟೇಪಕ್ಕ?" ಎಂದು ಕೇಳಿದೆ.

"ಗಂಟು ಹಾಕ್ಬೇಡಿ. ಕಚ್ಚಾ ಹೊಲಿಗೆ ಹಾಕಿಡಿ. ನಾಳೆ ಬಿಚ್ಚೋದು ಬಂದ್ರೆ ಸುಲಭವಾಗಿ ಬಿಚ್ಚೋಕೆ ಬರ್ಬೇಕು." ಅವಳು ನನ್ನ ಭುಜದ ಮೇಲಿನ ದಾರದ ಚೂರು ತೆಗೆದಳು. ಆಮೇಲೆ, ಕೋಟಿನ ಬೆಲೆ ವಿಚಾರಿಸುವಷ್ಟೇ ಸಹಜವಾಗಿ ಕೇಳಿದಳು. "ಐದು ವರ್ಷ ಆದ್ಮೇಲೆ ನಾನು ಇಲ್ಲಿ ಇರ್ತೀನಾ ಕಥೆಗಾರ್ರೇ? ನಿಮಗೆ ಗೊತ್ತಿರುತ್ತಲ್ಲ."

ಒಂದು ಕಂದು ಕಾಗದ, ಒಂದು ಚೀಟಿ, ಚಂದದ ಅಕ್ಷರ. ಎಲ್ಲ ಕೈಗೆ ಬಂದವು.

"ಗೊತ್ತಿಲ್ಲ ಟೇಪಕ್ಕ" ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ.

"ಹಾಂ" ಎಂದಳು. "ಈಗ ನಂಬ್ತೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಗಿರಾಕಿ ಬಂದು ನಿಂತಳು. ಕೈಯಲ್ಲಿ ಹಸಿರು ಫ್ರಾಕು. ಬಿಗಿಯಾಗಿದೆಯಂತೆ, ಏನಾದರೂ ಮಾಡಬಹುದಾ ಅಂತ. ಟೇಪಕ್ಕ ಬಲಗೈ ಚಾಚಿ ಅದನ್ನು ತೆಗೆದುಕೊಂಡಳು, ಎಡಗೈಯನ್ನೂ ನಿಧಾನಕ್ಕೆ ಎತ್ತಿದಳು, ಅದು ನಿನ್ನೆಗಿಂತ ನಾಲ್ಕು ಬೆರಳು ಮೇಲೆ ಬಂತು. ಫ್ರಾಕನ್ನು ಒಳಮಗ್ಗುಲು ತಿರುಗಿಸುತ್ತ ಬೆಳಕಿನ ಕಡೆಗೆ ನಡೆದಳು.

"ಕೂತ್ಕೊಳ್ಳಿ" ಎಂದಳು. "ಒಳಗೆ ಎಷ್ಟು ಬಿಟ್ಟಿದಾರೆ ನೋಡೋಣ."